ಒಂದು ಉಸಿರಿನಷ್ಟಗಲ

ಅಮೋನಿಯಾ ಎಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಅಪ್ಪನ ಅಂಗಿಯ ವಾಸನೆ. ಮೊದಲು ಮೂಗಿನೊಳಗೆ ಸೂಜಿ ಚುಚ್ಚಿದಂತೆ ಅದು ಬರುತ್ತಿತ್ತು. ಅದರ ಬೆನ್ನಿಗೇ ಪಾಕ ಸೀದ ಹಾಗೆ ಸಕ್ಕರೆಯ ವಾಸನೆ. ಕೊನೆಗೆ ಕನ್ನಡಿಯ ಹಿಂಬದಿಗೆ ಬಳಿಯುವ ಕೆಂಪು ಬಣ್ಣದ್ದು. ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ ಈ ಮೂರೂ ಒಟ್ಟಿಗೆ ಸಿಕ್ಕಿದರೆ ಅಪ್ಪ ಇವತ್ತು ಬೆಳ್ಳಿ ಸುರಿಯುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಚೀಲವನ್ನು ಬೆನ್ನಿನ ಮೇಲೆ ಕುಣಿಸುತ್ತಾ ಓಡುತ್ತಿದ್ದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ಕನ್ನಡಿ ಮಾಡುತ್ತಿದ್ದರು. ಮರದ ಚೌಕಟ್ಟಿನ ಮೇಲೆ ಗಾಜನ್ನು ಮಲಗಿಸಿ, ನಾಲ್ಕೂ ಮೂಲೆಗೆ ಚಿಕ್ಕ ಚಕ್ಕೆ ಕೊಟ್ಟು ಮಟ್ಟ ಮಾಡಿ, ಅದರ ಮೇಲೆ ಬೆಳ್ಳಿಯ ಲವಣ ಕರಗಿಸಿದ ನೀರನ್ನೂ ಸಕ್ಕರೆ ನೀರನ್ನೂ ಕಲಸಿ ಸುರಿಯುತ್ತಿದ್ದರು. ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗಿ, ಆಮೇಲೆ ಕೆಸರಿನಂತಾಗುತ್ತಿತ್ತು. ನಾನು ಚೌಕಟ್ಟಿನ ಕೆಳಗೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದೆ. ಎಲ್ಲಿಂದಲೋ ಒಂದು ಮಬ್ಬು ಹೊಳಪು ಬಂದು ಗಾಜಿಗೆ ಹಿಡಿದುಕೊಳ್ಳುತ್ತಿತ್ತು. ನೋಡನೋಡುತ್ತಿದ್ದಂತೆ ನನ್ನ ಮುಖವೇ ಅಲ್ಲಿ ಮೂಡುತ್ತಿತ್ತು.

ಆದರೆ ಸುರಿಯುವ ಮೊದಲು ಒಂದು ಕೆಲಸವಿತ್ತು. ಅದು ಅಪ್ಪನದಲ್ಲ, ಮಾವನದು. ಅವರು ನಮಗೆ ರಕ್ತಸಂಬಂಧಿಯೇನಲ್ಲ. ಅಪ್ಪನ ಜೊತೆ ಕೆಲಸಕ್ಕಿದ್ದವರು. ಆದರೂ ನಾನು ಮಾತು ಕಲಿತಾಗಿನಿಂದ ಮಾವ ಎಂದೇ ಕರೆದಿದ್ದೆ. ಬೀದಿಯವರೆಲ್ಲ ಅವರಿಗೆ ಇಟ್ಟಿದ್ದ ಹೆಸರು ‘ಹಾ ಮಾವ’. ತೊಳೆದು ಒಣಗಿಸಿದ ಗಾಜಿನ ಮೇಲೆ ಬಗ್ಗಿ, ಬಾಯಿ ಅಗಲವಾಗಿ ತೆರೆದು, ಗಂಟಲಿನ ಆಳದಿಂದ “ಹಾ” ಎಂದು ಒಂದು ಉಸಿರು ಬಿಡುತ್ತಿದ್ದರು. ಗಾಜಿನ ಮೇಲೆ ಆವಿ ಕೂರುತ್ತಿತ್ತು. ಅದು ಒಂದೇ ಸಮನೆ ಬೂದುಬಣ್ಣವಾಗಿ ಕೂತು ಒಂದೇ ಸಮನೆ ಆರಿದರೆ ಗಾಜು ಶುದ್ಧ. ಎಲ್ಲಾದರೂ ತೇಪೆ ಕಂಡರೆ ಜಿಡ್ಡಿದೆ, ಮತ್ತೆ ತೊಳೆಯಬೇಕು.

ನಾನೂ ಒಂದು ಗಾಜಿನ ಚೂರು ಹಿಡಿದು ಉಫ್ ಎಂದು ಊದುತ್ತಿದ್ದೆ. ಆವಿ ಕೂರುತ್ತಲೇ ಇರಲಿಲ್ಲ.

“ಊದಬಾರದು ಮಗಳೇ. ಊದಿದ್ರೆ ತಣ್ಣನೆ ಗಾಳಿ ಬರುತ್ತೆ. ಹಾ ಅನ್ನು, ಡಾಕ್ಟ್ರು ಗಂಟಲು ತೋರ್ಸು ಅಂದಾಗ ಅಂತೀಯಲ್ಲ, ಹಂಗೆ.”

“ಹಾ.”

“ಅದು ಆಕಳಿಕೆ ಆಯ್ತು. ಇರ್ಲಿ, ಬರುತ್ತೆ. ನಂಗೂ ಒಂದು ವರ್ಷ ಹಿಡೀತು.”

ಚೂರು ಗಾಜಿನ ಅಂಚನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡದೆ ಅವರು ಯಾವತ್ತೂ ನನ್ನ ಕೈಗೆ ಕೊಟ್ಟವರಲ್ಲ. ಅಷ್ಟು ಕೆಲಸದ ನಡುವೆಯೂ ಅದಕ್ಕೊಂದು ಗಳಿಗೆ ಅವರಿಗೆ ಸಿಗುತ್ತಿತ್ತು.

ಆ ಉಸಿರಿಗಾಗಿ ಹಾ ಮಾವ ಮಾಡುತ್ತಿದ್ದ ಪಥ್ಯ ಒಂದೆರಡಲ್ಲ. ಬೀಡಿ ಇಲ್ಲ, ಹೊಗೆಸೊಪ್ಪು ಇಲ್ಲ. ಕೆಲಸ ಮುಗಿಯುವವರೆಗೆ ಎಣ್ಣೆ ಸೋಕಿದ ತಿಂಡಿ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಸಪ್ಪೆ ಅನ್ನ, ಆಮೇಲೆ ಬರೀ ನೀರಿನಲ್ಲಿ ಹತ್ತು ಸಲ ಬಾಯಿ ಮುಕ್ಕಳಿಸುವುದು. “ಮದುವೆ ಮನೇಲೂ ಸಪ್ಪೆ ತಿಂತಾನೆ ಕಣೆ ಇವನು,” ಎಂದು ಅಪ್ಪ ಅಮ್ಮನಿಗೆ ಹೇಳಿ ನಗುತ್ತಿದ್ದರು. ನಗುತ್ತಿದ್ದರೇ ಹೊರತು, ಹಾ ಮಾವ ತಲೆಯಾಡಿಸದೆ ಒಂದು ತೊಟ್ಟು ಬೆಳ್ಳಿಯನ್ನೂ ಸುರಿಯುತ್ತಿರಲಿಲ್ಲ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಊರಿನ ಹೊರಗೆ ಕಾರ್ಖಾನೆ ಬಂತು. ಅಲ್ಲಿ ಬೆಳ್ಳಿಯೂ ಇಲ್ಲ, ಸಕ್ಕರೆಯೂ ಇಲ್ಲ. ದೊಡ್ಡ ಉಕ್ಕಿನ ಗಂಟೆಯಂಥ ಚೇಂಬರಿನೊಳಗೆ ಗಾಜು ಜೋಡಿಸಿ, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ಒಂದು ತಂತಿಯ ಮೇಲೆ ಅಲ್ಯುಮಿನಿಯಂ ಕಾಯಿಸಿದರೆ ಅದು ಆವಿಯಾಗಿ ಹಾರಿ ಗಾಜಿಗೆ ಹತ್ತಿಕೊಳ್ಳುತ್ತಿತ್ತು. ತಲೆಗೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗಿನ ಪೊರೆ. ಒಂದೇ ಸುತ್ತಿಗೆ ನೂರು ಕನ್ನಡಿ. ಅಪ್ಪ ಶೆಡ್ಡಿಗೆ ಬೀಗ ಹಾಕಿ, ಮುಂದಿನ ಕೋಣೆಯಲ್ಲಿ ಚೌಕಟ್ಟು ಕಟ್ಟುವ ಕೆಲಸಕ್ಕೆ ಕೂತರು. ಹಾ ಮಾವನನ್ನು ಮಾತ್ರ ಕಾರ್ಖಾನೆಯವರೇ ಬಂದು ಕರೆದುಕೊಂಡು ಹೋದರು. ಎಂಥ ಚೇಂಬರ್ ಇದ್ದರೂ ಗಾಜು ಶುದ್ಧವಿಲ್ಲದಿದ್ದರೆ ಪೊರೆ ಹಿಡಿಯುವುದಿಲ್ಲವಲ್ಲ.

ಪದವಿ ಮುಗಿಸಿದ ಮೇಲೆ ನಾನೂ ಅಲ್ಲಿಗೇ ಸೇರಿದೆ. ಪರೀಕ್ಷಾ ಕೊಠಡಿಯಲ್ಲಿ ಒಂದು ಸೂಕ್ಷ್ಮದರ್ಶಕ, ಒಂದು ಸ್ಟೂಲು, ನಾನು. ಕೆಲಸ ಹೇಳಿದರೆ ನಗು ಬರುತ್ತಿತ್ತು. ಕನ್ನಡಿಗೆ ಅಂಟುಪಟ್ಟಿ ಅಂಟಿಸಿ ಸರ್ರನೆ ಕೀಳುವುದು. ಪಟ್ಟಿಯ ಜೊತೆ ಪೊರೆ ಕಿತ್ತು ಬಂದರೆ ನಾಪಾಸು. ಇನ್ನೊಂದು ಕೆಲಸ ನನಗೆ ಹೆಚ್ಚು ಇಷ್ಟ. ಪ್ರತಿ ಸಲ ಚೇಂಬರಿಗೆ ಗಾಜು ಹಾಕುವಾಗ ಪಕ್ಕದಲ್ಲಿ ಕಡ್ಡಿಯಷ್ಟು ಅಗಲದ, ಎಲೆಯಂತೆ ತೆಳುವಾದ ಒಂದು ಗಾಜಿನ ಪಟ್ಟಿಯನ್ನೂ ಇಡುತ್ತಿದ್ದೆವು. ಪೊರೆ ಕೂತ ಮೇಲೆ ಆ ಪಟ್ಟಿ ಬಿಲ್ಲಿನಂತೆ ಒಂದಿಷ್ಟು ಬಾಗಿರುತ್ತಿತ್ತು. ಅದರ ಮೇಲೆ ಬೆಳಕು ಬಿಟ್ಟು, ಗೋಡೆಯ ಮೇಲೆ ಚುಕ್ಕೆ ಎಷ್ಟು ಸರಿದಿದೆ ಎಂದು ಅಳೆದರೆ ಪೊರೆ ಎಷ್ಟು ಬಿಗಿದುಕೊಂಡಿದೆ ಎಂದು ತಿಳಿಯುತ್ತಿತ್ತು.

ಪೊರೆಯೂ ಬಿಗಿದುಕೊಳ್ಳುತ್ತದೆಯೇ ಎಂದು ಅಮ್ಮ ಕೇಳಿದ್ದರು. ಬಿಗಿದುಕೊಳ್ಳುತ್ತದೆ. ಆವಿಯಾಗಿ ಬಂದ ಲೋಹ ಗಾಜಿನ ಮೇಲೆ ಕೂರುವಾಗಲೇ ಕುಗ್ಗಲು ನೋಡುತ್ತದೆ, ಗಾಜು ಬಿಡುವುದಿಲ್ಲ. ಒದ್ದೆ ಚರ್ಮವನ್ನು ಹಲಗೆಗೆ ಮೊಳೆ ಹೊಡೆದು ಒಣಗಿಸಿದಂತೆ. ಮೊಳೆ ಭದ್ರವಿದ್ದರೆ ಎಷ್ಟು ವರ್ಷವಾದರೂ ಹಾಗೇ ಇರುತ್ತದೆ. ಎಲ್ಲಿ ಮೊಳೆ ಸಡಿಲವೋ ಅಲ್ಲಿ ಮೊದಲು ಏಳುತ್ತದೆ.

ಚೇಂಬರ್ ನೋಡಿಕೊಳ್ಳುತ್ತಿದ್ದವನಿಗೆ ಪಂಪಣ್ಣ ಎಂದು ಹೆಸರು ಬಿದ್ದಿತ್ತು. ಮೂವತ್ತು ದಾಟಿದವನು, ಎರಡು ಚಿಕ್ಕ ಮಕ್ಕಳ ತಂದೆ, ಬಾಯಿ ಬಹಳ ಜೋರು. ಪಂಪಿನ ಸದ್ದಿನಲ್ಲಿ ಒಂದು ಚೂರು ಏರುಪೇರಾದರೂ ಊಟ ಬಿಟ್ಟು ಎದ್ದು ಓಡುತ್ತಿದ್ದ. ಅವನಿಗೂ ಹಾ ಮಾವನಿಗೂ ದಿನಾ ಒಂದು ಸುತ್ತು ಜಗಳವಾಗದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

“ಯಜಮಾನ್ರೇ, ನಾನು ಇಲ್ಲಿ ಇರೋ ಗಾಳೀನೆಲ್ಲ ಹೊರಗೆ ಹಾಕೋಕೆ ಸಾಯ್ತಿದೀನಿ, ನೀವು ಅಲ್ಲಿ ಕೂತ್ಕೊಂಡು ಗಾಜಿಗೆ ಗಾಳಿ ತುಂಬಿಸ್ತಿದೀರ!”

“ಲೋ, ನಿನ್ನ ಪಂಪು ಕಾರೋ ಎಣ್ಣೆಗೆ ಹೋಲಿಸಿದ್ರೆ ನನ್ನ ಬಾಯಿ ಗಂಗಾಜಲ ಕಣೋ.”

“ಕೇಳಿಸ್ಕೊಂಡ್ಯಾ ತಂಗಿ? ಬರ್ಕೊ. ಪರೀಕ್ಷೆ ಮಾಡು ಅವರ ಬಾಯಿನ.”

ಆಗ ಒಂದು ದೀಪದ ಕಂಪನಿಯಿಂದ ಬೇಡಿಕೆ ಬಂತು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ತೂಗುವ ದೊಡ್ಡ ದೀಪಕ್ಕೆ ಊಟದ ತಟ್ಟೆಯಗಲದ ಕನ್ನಡಿಗಳು ಬೇಕು. ಅಲ್ಯುಮಿನಿಯಂ ಆಗದು, ದಿನಾ ಒರೆಸುತ್ತಾರೆ, ಗೀರು ಬೀಳುತ್ತದೆ. ಕ್ರೋಮಿಯಂ ಬೇಕು, ಅದೂ ದಪ್ಪಗೆ. ದಪ್ಪವಿದ್ದಷ್ಟೂ ಗಟ್ಟಿ ಎಂದು ಅವರ ಲೆಕ್ಕ. ನಮಗೂ ಆಗ ಹಾಗೇ ಅನ್ನಿಸಿತ್ತು. ಕ್ರೋಮಿಯಂ ಬಹಳ ಸಿಡುಕಿನ ಲೋಹ. ಅಲ್ಯುಮಿನಿಯಂ ಮೆತ್ತಗಿದ್ದು ಹೊಂದಿಕೊಂಡರೆ ಇದು ಕೂತಲ್ಲೇ ಹಲ್ಲು ಕಚ್ಚಿಕೊಂಡು ಎಳೆಯುತ್ತದೆ. ದಪ್ಪ ಮಾಡಿದಷ್ಟೂ ಎಳೆಯುವ ಬಲ ಹೆಚ್ಚುತ್ತದೆ. ನನ್ನ ಪಟ್ಟಿಗಳು ಹಿಂದೆಂದೂ ಬಾಗದಷ್ಟು ಬಾಗುತ್ತಿದ್ದವು. ಆದರೂ ಅಂಟುಪಟ್ಟಿಗೆ ಏನೂ ಕಿತ್ತು ಬರುತ್ತಿರಲಿಲ್ಲವಾದ್ದರಿಂದ ಪಾಸು ಎಂದು ಬರೆದು ಕಳಿಸಿದೆ.

ಮೂರು ದಿನಕ್ಕೆ ಎಲ್ಲ ವಾಪಸು ಬಂದವು. ಹಾಳಾಗಿದ್ದದ್ದು ಅರ್ಧ. ಆ ಅರ್ಧದಲ್ಲಿ ಪ್ರತಿ ಕನ್ನಡಿಯ ನಟ್ಟನಡುವೆ, ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟು, ಪೊರೆಯ ಚೂರುಗಳು ಅಂಚು ಸುರುಳಿ ಸುತ್ತಿಕೊಂಡು ಎದ್ದು ನಿಂತಿದ್ದವು. ಊದಿದರೆ ಹಾರಿಹೋಗುವಂತಿದ್ದವು. ಸುತ್ತಲೂ ಮಾತ್ರ ಒಳ್ಳೆಯ ಹೊಳಪು.

ಮ್ಯಾನೇಜರು ಮಂಗಳವಾರ ಎಲ್ಲರನ್ನೂ ಕರೆದರು. ಕೂಗಾಡುವ ಮನುಷ್ಯನಲ್ಲ, ಅದಕ್ಕೇ ನಮಗೆ ಭಯ ಜಾಸ್ತಿ. ಸರದಿಯ ಪುಸ್ತಕ ತೆರೆದು ನೋಡಿದರು. ಬೆಳಗಿನ ಮೊದಲೆರಡು ಸುತ್ತಿನ ಕನ್ನಡಿಗಳಿಗೆ ಏನೂ ಆಗಿರಲಿಲ್ಲ. ಮೂರನೆಯದು, ನಾಲ್ಕನೆಯದು ಮಾತ್ರ ಹಾಳು. ಮಧ್ಯಾಹ್ನದ ಹೊತ್ತಿಗೆ ಪಂಪು ಕಾದಿರುತ್ತದೆ. ಕಾದ ಪಂಪಿನ ಎಣ್ಣೆ ಆವಿಯಾಗಿ ಚೇಂಬರಿಗೆ ಹಿಮ್ಮುಖ ಬಂದರೆ ಗಾಜಿಗೆ ಜಿಡ್ಡು ಕೂರುತ್ತದೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ.

“ಶನಿವಾರ ದೀಪದ ಕಂಪನಿಯವರು ಬರ್ತಾರೆ,” ಎಂದರು ಪಂಪಣ್ಣನ ಕಡೆ ನೋಡದೆ. “ಪಂಪು ಕಾದಿದ್ದಾಗ ನಡುವೆ ನಿಲ್ಲಿಸಿ ತಣಿಸ್ಬೇಕು ಅಂತ ನಿಯಮ ಇದೆ. ಅದು ಆಗಿಲ್ಲ ಅಂತ ಕಾಣುತ್ತೆ. ಬೇರೆ ಕಾರಣ ಸಿಗದೇ ಇದ್ರೆ ನಾನು ಚೇಂಬರಿಗೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ.”

“ಸಾರ್, ತಣಿಸ್ದೆ ಸಾರ್. ಪ್ರತಿ ಸಲ ತಣಿಸ್ದೆ.” ಆ ಬಾಯಿ ಜೋರಿನವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅವತ್ತೇ ಕೇಳಿದ್ದು. ಹೊರಗೆ ಬಂದ ಮೇಲೆ ಅವನು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ನನ್ನನ್ನು ಕೇಳಿದ, “ತಂಗಿ, ನೀನು ಓದಿದವಳು. ನಾನು ತಣಿಸಿದ್ದು ನಿಜ. ಅದನ್ನ ಹೇಗೆ ತೋರಿಸೋದು ಹೇಳು. ಈ ಕೆಲಸ ಬಿಟ್ರೆ ನನಗೆ ಬೇರೆ ಏನೂ ಬರಲ್ಲ.”

ಹಾ ಮಾವ ಪಕ್ಕದಲ್ಲೇ ಇದ್ದರು. “ಸುಮ್ನಿರೋ. ನಿನ್ನ ಪಂಪಿಗೆ ನಾನು ಬೈಬಹುದು, ಬೇರೆಯವರು ಬೈಯೋ ಹಾಗಿಲ್ಲ. ನಮ್ಮ ಮಗಳು ಕಂಡುಹಿಡೀತಾಳೆ,” ಎಂದು ಅವನ ಬೆನ್ನು ತಟ್ಟಿದರು.

ಬುಧವಾರ ಬೆಳಿಗ್ಗೆಯಿಂದ ಒಂದು ಕೆಟ್ಟ ಕನ್ನಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ಕೂತೆ. ಎದ್ದ ಪೊರೆಯ ಅಂಚು ಬೆಳ್ಳನೆಯ ಗೆರೆಯಂತೆ ಕಾಣುತ್ತಿತ್ತು. ಬಹಳ ಹೊತ್ತು ನೋಡಿದರೂ ಅದು ಅಲ್ಲಾಡಲಿಲ್ಲ. ಕಣ್ಣು ಸೋತು, ಮುಖವನ್ನು ಹತ್ತಿರ ತಂದು ದೊಡ್ಡದಾಗಿ ಉಸಿರು ಬಿಟ್ಟೆ. ಗೆರೆ ಸರಿಯಿತು! ಹುಳ ತೆವಳಿದಂತೆ ಒಂದಿಷ್ಟು ಮುಂದೆ ಹೋಗಿ ನಿಂತಿತು. ಇನ್ನೊಮ್ಮೆ ಉಸಿರು ಬಿಟ್ಟೆ, ಇನ್ನೊಂದಿಷ್ಟು. ಉಸಿರಿನ ತೇವ ಪೊರೆಯ ಅಡಿಗೆ ನುಗ್ಗಿ, ಗಾಜಿನ ಹಿಡಿತವನ್ನು ಬಿಡಿಸುತ್ತಿತ್ತು. ಹಾಗಾದರೆ ಮೂರು ದಿನ ಹಿಡಿದದ್ದು ಇದಕ್ಕೇ. ಗಾಳಿಯ ತೇವ ಮೆಲ್ಲಗೆ ಕೆಲಸ ಮಾಡಿತ್ತು. ಆದರೆ ತೇವ ಇಡೀ ಕನ್ನಡಿಯ ಮೇಲಿತ್ತಲ್ಲ. ನಡುವೆ ಮಾತ್ರ ಹಿಡಿತ ಏಕೆ ಸಡಿಲ?

ಮೂರನೆಯ ಸುತ್ತಿನ ಬಾಗಿದ ಪಟ್ಟಿಗಳನ್ನು ತೆಗೆದು ನೋಡಿದೆ. ಅವೂ ಅದೇ ಚೇಂಬರಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ಕ್ರೋಮಿಯಂ ಹೊದ್ದವು. ಒಂದೂ ಎದ್ದಿರಲಿಲ್ಲ. ಪಂಪಿನ ಎಣ್ಣೆ ಬಂದಿದ್ದರೆ ಪಟ್ಟಿಯನ್ನು ಬಿಟ್ಟು ಕನ್ನಡಿಯ ನಡುಭಾಗವನ್ನು ಮಾತ್ರ ಹುಡುಕಿಕೊಂಡು ಹೋಗಿ ಕೂರಲು ಅದಕ್ಕೇನು ಕಣ್ಣಿದೆಯೇ?

ಎದ್ದ ಜಾಗದ ಅಗಲವನ್ನು ಅಳತೆಪಟ್ಟಿಯಿಂದ ಅಳೆದೆ. ಇನ್ನೊಂದರದ್ದು ಅಳೆದೆ. ಸುಮಾರಾಗಿ ಎಲ್ಲವೂ ಒಂದೇ, ಒಂದು ಅಂಗೈಯಷ್ಟು, ಸ್ವಲ್ಪ ಮೊಟ್ಟೆಯಾಕಾರ. ಅಳೆಯಲು ಬಗ್ಗಿದಾಗ ಬಿಟ್ಟ ನನ್ನ ಉಸಿರಿನ ಆವಿ ಕನ್ನಡಿಯ ಮೇಲೆ ಕೂತಿತ್ತು. ಅದೂ ಅಷ್ಟೇ ಅಗಲವಿತ್ತು.

ಪಟ್ಟಿಗಳು ತೀರಾ ಸಣ್ಣವೆಂದು ಅವಕ್ಕೆ ಹಾ ಅನ್ನುವ ಪದ್ಧತಿ ಇರಲಿಲ್ಲ.

ಊಟದ ಹೊತ್ತಿಗೆ ಸ್ವಲ್ಪ ಮೊದಲು ಹಾ ಮಾವನ ಮೇಜಿಗೆ ಹೋದೆ. ಉತ್ತರದ ಕಿಟಕಿಯ ಪಕ್ಕ, ಕಪ್ಪು ಬಟ್ಟೆ ಹಾಸಿದ ಮೇಜು. ಅವರು ಮೂರನೆಯ ಸುತ್ತಿನ ಗಾಜುಗಳನ್ನು ನೋಡುತ್ತಿದ್ದರು. ಕೈಗವಸಿನ ತುದಿಬೆರಳುಗಳಿಂದ ಅಂಚು ಹಿಡಿದು, ಬಗ್ಗಿ, “ಹಾ”. ಆವಿ ಒಂದೇ ಸಮ ಕೂತು ಒಂದೇ ಸಮ ಆರಿತು. ಸರಿ. ಮುಂದಿನದು. ಪ್ರತಿ ಗಾಜಿಗೆ ಒಂದೇ ಉಸಿರು. ನಲವತ್ತು ವರ್ಷದ ರೂಢಿ. ಹತ್ತಿರ ಹೋದಾಗ ಲವಂಗದ ವಾಸನೆ ಘಮ್ಮೆಂದಿತು.

“ಮಾವ, ಏನು ಹಾಕ್ಕೊಂಡಿದೀರ ಬಾಯಿಗೆ?”

“ಏನಿಲ್ವೇ. ದವಡೆ ಹಲ್ಲು. ಬೆಳಿಗ್ಗೆ ಹತ್ತು ಗಂಟೆ ಆಗ್ತಿದ್ದಂಗೆ ಶುರುವಾಗುತ್ತೆ, ಜೀವ ಹೋಗುತ್ತೆ. ಒಂದು ತೊಟ್ಟು ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಕೊಂಡ್ರೆ ಸಂಜೆವರೆಗೆ ಚಿಂತೆ ಇಲ್ಲ.”

“ಕೀಳಿಸಬಾರದಾ?”

“ಕೀಳಿಸಿದ್ರೆ ಆಯ್ತಲ್ಲ ನನ್ನ ಕೆಲಸ! ಸಂದಿ ಬಿದ್ರೆ ಉಸಿರು ಸೀಳುತ್ತೆ. ಒಂದೇ ಸಮ ಬರಲ್ಲ. ನಮ್ಮ ಗುರು ಹಲ್ಲು ಬಿದ್ದ ಮಾರನೇ ದಿನವೇ ಮನೇಲಿ ಕೂತ್ರು, ಗೊತ್ತಾ?”

ಅವರು ಆಗಷ್ಟೇ ನೋಡಿ ಇಟ್ಟಿದ್ದ ಗಾಜನ್ನು ಎತ್ತಿಕೊಂಡೆ. “ಮಾವ, ನಾನೊಂದ್ಸಲ ಮಾಡ್ಲಾ?”

“ಮಾಡು. ಆಕಳಿಸ್ಬೇಡ ಮತ್ತೆ.”

ಬಗ್ಗಿ, ಗಂಟಲಿನ ಆಳದಿಂದ, ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಸಲ ಹಾ ಅಂದೆ. ಗಾಜೆಲ್ಲ ಬೂದುಬಣ್ಣಕ್ಕೆ ತಿರುಗಿತು. ನಡುವೆ ಮಾತ್ರ ಆವಿಯ ಬಣ್ಣವೇ ಬೇರೆ. ಒಂದು ಅಂಗೈಯಷ್ಟು ಜಾಗ, ಸ್ವಲ್ಪ ಮೊಟ್ಟೆಯಾಕಾರ, ಸುತ್ತ ಗೆರೆ ಎಳೆದಷ್ಟು ಸ್ಪಷ್ಟ.

ಏನು ಎಂದು ನಾನು ಹೇಳಬೇಕಾಗಲಿಲ್ಲ. ಆವಿಯನ್ನು ಓದುವುದರಲ್ಲಿ ಅವರ ಮುಂದೆ ನಾನೆಷ್ಟರವಳು? ಕನ್ನಡಕವನ್ನು ಹಣೆಗೆ ಏರಿಸಿ, ಗಾಜನ್ನು ಕಿಟಕಿಗೆ ಓರೆ ಹಿಡಿದು, ಅದು ಆರುವವರೆಗೆ ನೋಡಿದರು. ಇನ್ನೊಂದು ಗಾಜು ತೆಗೆದು ನನ್ನ ಕೈಗೆ ಕೊಟ್ಟರು. “ಇದಕ್ಕೂ ಹಾ ಅನ್ನು.” ಅದರಲ್ಲೂ ಹಾಗೇ. ಬೆಳಿಗ್ಗೆ ಎಂಟು ಗಂಟೆಗೆ ನೋಡಿಟ್ಟಿದ್ದ ಗಾಜೊಂದನ್ನು ತಂದರು. ಅದರಲ್ಲಿ ಏನೂ ಇಲ್ಲ.

“ನಾನು ನೋಡೋವಾಗ ಸರಿಯಾಗೇ ಇರುತ್ತೆ,” ಎಂದರು ನಿಧಾನವಾಗಿ, ತಮಗೇ ಪಾಠ ಹೇಳಿಕೊಳ್ಳುವವರಂತೆ. “ಉಸಿರಲ್ಲಿರೋ ಎಣ್ಣೆ ಕೂತು, ನೋಡಿ ಆದ ಮೇಲೆ ಕೆಡುತ್ತೆ. ನಾನೇ ನೋಡಿ, ನಾನೇ ಕೆಡಿಸಿ, ನಾನೇ ಪಾಸು ಅಂತಿದೀನಿ.”

“ಮಾವ, ಎಣ್ಣೆ ಪದಾರ್ಥ ಮುಟ್ಟಲ್ಲ ನೀವು…”

“ತಿಂಡಿ ಮುಟ್ಟಲ್ಲ. ಇದು ಔಷಧಿ ಅಲ್ವಾ ಮಗಳೇ. ಔಷಧೀನ ಎಣ್ಣೆ ಅಂತ ಯಾರು ಅಂದ್ಕೊಳ್ತಾರೆ?” ನಗಲು ಹೋದರು. ಹಲ್ಲು ನೋಯಿತೋ ಏನೋ, ಕೆನ್ನೆಗೆ ಕೈ ಒತ್ತಿ ಹಿಡಿದರು. “ಎರಡು ತಿಂಗಳಿಂದ ಹಚ್ತಿದೀನಿ. ಅಲ್ಯುಮಿನಿಯಂಗೆ ಏನೂ ಆಗ್ಲಿಲ್ವಲ್ಲ?”

“ಅದು ಮೆದು ಮಾವ, ಎಳೆಯಲ್ಲ. ಹಿಡಿತ ಸಡಿಲ ಇದ್ರೂ ಸುಮ್ನೆ ಕೂತಿರುತ್ತೆ. ಕ್ರೋಮಿಯಂ ಎಳೆಯುತ್ತೆ. ಅದೂ ಎರಡರಷ್ಟು ದಪ್ಪ.”

“ಹಂಗಾದ್ರೆ ತಪ್ಪು ಮೊದಲಿಂದ ಇತ್ತು. ಎಳೆಯೋರು ಬರೋ ತನಕ ಗೊತ್ತಾಗ್ಲಿಲ್ಲ.”

ನನ್ನ ಬಾಯಿಂದ ಆಗ ಬಂದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. “ತೊಳೆಯೋ ಪುಡಿ ಸರಿ ಇರ್ಲಿಲ್ಲ ಅಂತ ಬರೀತೀನಿ ಮಾವ. ಪುಡಿ ಬದಲಾಯಿಸಿದ್ರೆ ಆಯ್ತು. ನೀವು ಎಣ್ಣೆ ಬಿಟ್ಬಿಡಿ. ಪಂಪಣ್ಣನೂ ಉಳ್ಕೊಳ್ತಾನೆ, ನೀವೂ…”

“ನಿನ್ನ ಓದಿಸಿದ್ದು ಇದಕ್ಕಾ?” ಅವರ ದನಿ ಏರಲಿಲ್ಲ. “ಪುಡಿ ಮಾಡೋನು ಎಲ್ಲೋ ಒಬ್ಬ ಇದಾನೆ, ಅವನಿಗೊಬ್ಬ ಮ್ಯಾನೇಜರ್ ಇರಲ್ವಾ? ಸುಮ್ನಿರು. ನಾಳೆ ಬೆಳಿಗ್ಗೆ ಮೊದಲನೇ ಸುತ್ತಲ್ಲೇ, ಪಂಪು ತಣ್ಣಗಿರೋವಾಗ್ಲೇ, ನಾಲ್ಕು ಗಾಜು ಹಾಕ್ಸು. ಎರಡಕ್ಕೆ ಎಣ್ಣೆ ಇಟ್ಕೊಂಡು ಹಾ ಅಂತೀನಿ, ಎರಡಕ್ಕೆ ಇಲ್ದೆ. ನಂಬರ್ ಬರ್ಕೊ. ಪಂಪಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಆವಾಗ ಯಾರು ಬೇಕಾದ್ರೂ ಒಪ್ತಾರೆ.”

ಇಷ್ಟು ಚೊಕ್ಕವಾದ ಪ್ರಯೋಗವನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಗುರುವಾರ ಪಂಪಣ್ಣ ಆ ನಾಲ್ಕು ಗಾಜಿಗೆ ಕ್ರೋಮಿಯಂ ಕೂರಿಸಿದ. ಏಕೆ ಎಂದು ನಾನು ಹೇಳಲಿಲ್ಲ. ಎರಡರ ಮೇಲಿನ ಗುರುತನ್ನು ಅವನು ನೋಡಿದ, ಲವಂಗದ ವಾಸನೆಯೂ ಅವನ ಮೂಗಿಗೆ ಬಡಿದಿರಬೇಕು. ಮೂರು ದಿನ ಕಾಯಲು ಪುರುಸೊತ್ತಿರಲಿಲ್ಲವಾದ್ದರಿಂದ ನಾಲ್ಕನ್ನೂ ಮುಚ್ಚಳದ ಪೆಟ್ಟಿಗೆಯಲ್ಲಿ, ಬಿಸಿನೀರಿನ ಲೋಟದ ಜೊತೆ ಇಟ್ಟೆ. ತೇವ ತನ್ನ ಕೆಲಸವನ್ನು ಬೇಗ ಮಾಡಲಿ ಎಂದು. ಶುಕ್ರವಾರ ಬೆಳಿಗ್ಗೆ ಮುಚ್ಚಳ ತೆಗೆದಾಗ ನಾವು ಮೂವರೂ ಇದ್ದೆವು. ಎರಡು ಕನ್ನಡಿಗಳು ನಿರ್ಮಲವಾಗಿದ್ದವು. ಇನ್ನೆರಡರ ನಡುವೆ ಪೊರೆ ಚೂರುಚೂರಾಗಿ, ಸುರುಳಿ ಸುತ್ತಿಕೊಂಡು ಎದ್ದಿತ್ತು.

ಪಂಪಣ್ಣನ ಮುಖ ನೋಡಿದೆ. ಅವನ ಮೈಮೇಲಿನ ಭಾರ ಇಳಿದದ್ದು ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ‘ಗಂಗಾಜಲ’ವನ್ನು ಹಿಡಿದು ಅವನು ವರ್ಷವಿಡೀ ಆಡಿಕೊಳ್ಳಬಹುದಿತ್ತು. ಅವನು ಅಂದದ್ದು ಇಷ್ಟೇ: “ಯಜಮಾನ್ರೇ, ನಾನೂ ಬರ್ತೀನಿ ಮ್ಯಾನೇಜರ್ ಹತ್ರ.”

“ನೀನ್ಯಾಕೆ? ನಿನ್ನ ಪಂಪು ನೋಡ್ಕೊ ಹೋಗು,” ಎಂದು ಹಾ ಮಾವ ಕನ್ನಡಿಗಳನ್ನು ಎತ್ತಿಕೊಂಡರು. ಬಾಗಿಲು ತೆಗೆಯಲು ಅವರಿಗೆ ಕೈ ಇರಲಿಲ್ಲವೆಂದು ನಾನು ಜೊತೆಗೆ ಹೋದೆ.

ಮ್ಯಾನೇಜರು ಕನ್ನಡಿಗಳನ್ನು ನೋಡಿದರು, ಹಾ ಮಾವ ಹೇಳಿದ್ದನ್ನೆಲ್ಲ ಕೇಳಿದರು. ಅವರು ಮೊದಲು ಕೇಳಿದ ಪ್ರಶ್ನೆ ಕನ್ನಡಿಯ ಬಗ್ಗೆ ಅಲ್ಲ.

“ಎರಡು ತಿಂಗಳಿಂದ ನೋಯ್ತಿದೆಯಾ?”

“ಹೂಂ ಸಾರ್.”

“ನಾಳೆ ರಜೆ ತಗೊಳ್ಳಿ. ಮೊದಲು ಅದನ್ನ ಕೀಳಿಸಿ.” ಆಮೇಲೆ, ಬೇಕೋ ಬೇಡವೋ ಎಂಬಂತೆ, “ಇನ್ಮೇಲೆ ಬಾಯಿಂದ ಪರೀಕ್ಷೆ ಬೇಡ. ನಿಮ್ಮದು ಅಂತ ಅಲ್ಲ. ಯಾರದ್ದೂ ಬೇಡ.”

ಹಾ ಮಾವ ತಲೆಯಾಡಿಸಿದರು. ಕೈಗವಸು ತೆಗೆದು, ಒಂದರೊಳಗೊಂದು ಮಡಿಚಿ, ಜೇಬಿಗಿಟ್ಟುಕೊಂಡರು. ಓಣಿಯಲ್ಲಿ ನಡೆಯುವಾಗ ಅವರು ನನ್ನ ಮುಂದಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ನನ್ನ ಕಣ್ಣು ಒದ್ದೆಯಾಗಿತ್ತು, ಅವರು ತಿರುಗಿ ನೋಡದಿದ್ದದ್ದೇ ಒಳ್ಳೆಯದಾಯಿತು.

ಶನಿವಾರ ದೀಪದ ಕಂಪನಿಯವರಿಗೆ ಮ್ಯಾನೇಜರು ಯಾರ ಹೆಸರನ್ನೂ ಹೇಳಲಿಲ್ಲ. ದಪ್ಪ ಕಡಿಮೆ ಮಾಡಿದರೆ ಎಳೆತವೂ ಇಳಿಯುತ್ತದೆ, ತೆಳ್ಳಗಿದ್ದದ್ದೇ ಹೆಚ್ಚು ಬಾಳುತ್ತದೆ ಎಂದು ನನ್ನಿಂದ ಹೇಳಿಸಿದರು. ನನ್ನ ಬಾಗಿದ ಪಟ್ಟಿಗಳನ್ನು ಅವರಿಗೆ ತೋರಿಸಿದೆ. ಒಪ್ಪಿದರು. ಹಾ ಮಾವನ ಮೇಜಿಗೆ ಮುಂದೆ ಒಂದು ಕೆಟಲ್ ಬಂತು. ಶುದ್ಧ ನೀರಿನ ಹಬೆಗೆ ಗಾಜು ಹಿಡಿಯುವುದು, ಆವಿಯನ್ನು ನೋಡುವುದು. ನೋಡುವ ಕಣ್ಣು ಅವರದ್ದೇ; ಎರಡನೆಯ ಸಲವೂ ಹಿಡಿದು ನೋಡಬೇಕೆಂಬ ನಿಯಮವನ್ನು ಅವರೇ ಮಾಡಿದರು. “ಇದು ಹಾ ಅನ್ನಲ್ಲ ಕಣೇ, ಬುಸ್ ಅನ್ನುತ್ತೆ. ಬೆಕ್ಕಿನ ಜೊತೆ ಕೆಲಸ ಮಾಡಿದ ಹಾಗಿದೆ,” ಎಂದು ನಿವೃತ್ತಿಯಾಗುವವರೆಗೂ ಗೊಣಗಿದರು. ಆ ಕೆಟಲ್ ಪಕ್ಕದಲ್ಲಿ ಕೂತು ಅವರು ಕಲಿಸಿದ್ದರಿಂದಲೇ ನಾನು ಆಮೇಲಿನ ಮೂವತ್ತು ವರ್ಷ ಗಾಜನ್ನು ಓದಿದೆ.

ಇದೆಲ್ಲ ನಂತರದ ಮಾತು. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಹಲ್ಲು ಕೀಳಿಸಿದ ಮೇಲಿನ ಸೋಮವಾರ. ಕೆಟಲ್ ಇನ್ನೂ ಬಂದಿರಲಿಲ್ಲ. ಹಾ ಮಾವನಿಗೆ ಮಾಡಲು ಕೆಲಸವೇ ಇರಲಿಲ್ಲ. ಕೆನ್ನೆ ಊದಿಕೊಂಡು, ಕಪ್ಪು ಬಟ್ಟೆಯ ಮೇಜಿನ ಮುಂದೆ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಅವರ ಹೆಂಡತಿ, ನನ್ನ ಪಾಲಿನ ಅತ್ತೆ, ತೀರಿಕೊಂಡು ಆರು ವರ್ಷವಾಗಿತ್ತು, ಅವರ ಊಟವೆಲ್ಲ ಕ್ಯಾಂಟೀನಿನಲ್ಲೇ. ಅವತ್ತು ಗಂಟೆ ಹೊಡೆದರೂ ಏಳಲಿಲ್ಲ. ಜನರೆಲ್ಲ ಅವರ ಮೇಜನ್ನು ಸ್ವಲ್ಪ ಬಳಸಿಕೊಂಡು, ನೋಡಿಯೂ ನೋಡದ ಹಾಗೆ ಕ್ಯಾಂಟೀನಿನ ಕಡೆ ಹೋದರು. ನಾನು ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ನಿಂತಿದ್ದೆ.

ಪಂಪಿನ ಸದ್ದು ನಿಂತಿತು. ಪಂಪಣ್ಣ ಕೈ ತೊಳೆದುಕೊಂಡು, ಒಂದು ಸ್ಟೂಲನ್ನು ಕಾಲಿನಿಂದ ತಳ್ಳುತ್ತಾ ಬಂದು ಅವರ ಪಕ್ಕ ಕೂತ. ಅವನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಡಬ್ಬಿ ಇತ್ತು. ಟವೆಲು ಬಿಚ್ಚಿದ. ಹಾಲು ಹಾಕಿ, ಅಗಿಯುವ ಅಗತ್ಯವೇ ಇಲ್ಲದಷ್ಟು ಮೆತ್ತಗೆ ಹಿಸುಕಿದ ಅನ್ನ; ಇನ್ನೂ ಬೆಚ್ಚಗಿತ್ತು, ನಾನು ನಿಂತಲ್ಲಿಗೇ ಹಬೆ ಕಾಣುತ್ತಿತ್ತು. ಬೆಳಿಗ್ಗೆಯಿಂದ ಅದನ್ನು ಪಂಪಿನ ಬಿಸಿಯ ಪಕ್ಕ ಇಟ್ಟುಕೊಂಡಿದ್ದ ಎಂದು ಆಗ ನನಗೆ ಹೊಳೆಯಿತು. ಚಮಚವನ್ನು ಟವೆಲಿನ ತುದಿಯಲ್ಲಿ ಒರೆಸಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಹಾ ಮಾವನ ಎರಡೂ ಕೈಗಳ ನಡುವೆ ಇಟ್ಟ.